ಸೊನ್ನೆಯನ್ನೂ ಬರೀರಿ

ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ನೆನಪುಗಳು ಬೇಕು ಅಂತ ಫೋನ್ ಬಂದಾಗ ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹೊಲದಲ್ಲಿ ನಿಂತಿದ್ದೆ. ಕೈಯಲ್ಲಿ ಆಗತಾನೇ ಕಿತ್ತ ಶೇಂಗಾ ಗಿಡ. ಮಣ್ಣು ಒದರಿ ನೋಡಿದರೆ ಬೇರಿನಲ್ಲಿ ಮೂರೇ ಕಾಯಿ, ಅದರಲ್ಲಿ ಎರಡು ಜೊಳ್ಳು. ಬೆಳೆ ಎಷ್ಟು ಹಾಳಾಗಿದೆ ಅಂತ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಗ್ರಾಮ ಲೆಕ್ಕಿಗ ಅಂತಿದ್ದ ಹುದ್ದೆ, ಈಗ ಗ್ರಾಮ ಆಡಳಿತಾಧಿಕಾರಿ ಅಂತ ಹೆಸರಾಗಿದೆ. ನೂರಕ್ಕೆ 33 ಪಾಲು ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ರೈತರಿಗೆ ಪರಿಹಾರ ಸಿಗುತ್ತದೆ. 2015ಕ್ಕೆ ಮೊದಲು ಅರ್ಧಕ್ಕರ್ಧ ಹಾಳಾಗಬೇಕಿತ್ತು. ಹಾಗಾಗಿ ಆ ಮೂರು ಕಾಯಿಗಳನ್ನು ಎಣಿಸುವಾಗ ಹೊಲದ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು.

ಯಾವುದರ ಬಗ್ಗೆ ಬರೀತೀರಿ ಅಂತ ಫೋನಿನಲ್ಲಿ ಕೇಳಿದರು. ಯೋಚನೆ ಮಾಡಬೇಕಾಗಲಿಲ್ಲ. ಶನಿವಾರದ ಕ್ಲಾಸಿನ ಬಗ್ಗೆ ಅಂದೆ.

ಅದು 2004ನೇ ಇಸವಿ. ನಾನು ಚಿತ್ರದುರ್ಗದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ. ಊರಿನಿಂದ ದಿನಾ ಓಡಾಡೋಕೆ ಆಗದೆ ಹಾಸ್ಟೆಲ್ ಸೇರಿದ್ದೆ. ಆ ವರ್ಷ ಭೂಗೋಳ ವಿಭಾಗಕ್ಕೆ ಒಬ್ಬರು ಅತಿಥಿ ಉಪನ್ಯಾಸಕಿ ಬಂದರು. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಬಂದ ತಿಂಗಳಲ್ಲೇ ನೋಟಿಸ್ ಬೋರ್ಡಿಗೆ ತಾವೇ ಬರೆದ ಒಂದು ಕಾಗದ ಅಂಟಿಸಿದರು. ‘ನೈಸರ್ಗಿಕ ವಿಕೋಪಗಳು: ಒಂದು ಪರಿಚಯ. ಪ್ರತಿ ಶನಿವಾರ ಮಧ್ಯಾಹ್ನ. ಅಂಕ ಇಲ್ಲ, ಫೀಸೂ ಇಲ್ಲ.’ ಕಾಗದದ ಮೂಲೆಯಲ್ಲಿ ಹೊಗೆ ಉಗುಳುವ ಒಂದು ಜ್ವಾಲಾಮುಖಿಯ ಚಿತ್ರ ಬಿಡಿಸಿದ್ದರು. ನಿಜ ಹೇಳಬೇಕೆಂದರೆ ನಾನು ಸೇರಿದ್ದು ಆ ಚಿತ್ರ ನೋಡಿ. ಬೆಂಕಿ, ಅಲೆ, ಬಿರುಗಾಳಿ ಇವುಗಳ ಬಗ್ಗೆ ಕೇಳೋ ಆಸೆ. ಇವ್ಯಾವೂ ನಮ್ಮ ಕಡೆ ಇಲ್ಲ ಅನ್ನೋದೇ ಆ ಆಸೆಗೆ ಕಾರಣ ಇದ್ದೀತು.

ಮೊದಲ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದೆವು. ಮೇಡಂ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ನೀವು ಕಂಡ ಒಂದು ವಿಕೋಪದ ಬಗ್ಗೆ ಎರಡು ಸಾಲು ಬರೀರಿ" ಅಂದರು. ಕೆಲವರು 2001ರ ಜನವರಿ 26ರ ಗುಜರಾತ್ ಭೂಕಂಪದ ಬಗ್ಗೆ ಬರೆದರು. ಅವತ್ತು ನಾವೆಲ್ಲ ಸ್ಕೂಲಿನಲ್ಲಿ ಧ್ವಜ ಹಾರಿಸಿ ಮನೆಗೆ ಬರುವಷ್ಟರಲ್ಲಿ ಟಿವಿಯಲ್ಲಿ ಭುಜ್ ಊರಿನ ಕಲ್ಲುಮಣ್ಣಿನ ರಾಶಿ ಕಾಣಿಸುತ್ತಿತ್ತು. ಇನ್ನು ಕೆಲವರು 1999ರ ಒರಿಸ್ಸಾ ಚಂಡಮಾರುತ ಅಂತ ಬರೆದರು. ನಾನು ಬರೆದದ್ದು ಒಂದೇ ಸಾಲು: ‘ನಮ್ಮೂರಲ್ಲಿ ಅಂಥದ್ದೇನೂ ಆಗುವುದಿಲ್ಲ.’

ಮೇಡಂ ಚೀಟಿಗಳನ್ನು ಓದಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಬೈಯಲಿಲ್ಲ. "ಹೋದ ವರ್ಷ ನಿಮ್ಮ ಮನೇಲಿ ಎಷ್ಟು ಚೀಲ ಶೇಂಗಾ ಆಯ್ತು?" ಅಂತ ಕೇಳಿದರು.

"ಬಿತ್ತನೆ ಬೀಜದಷ್ಟೂ ಬರಲಿಲ್ಲ ಮೇಡಂ."

"ಅದರ ಹಿಂದಿನ ವರ್ಷ?"

"ಆಗಲೂ ಇಲ್ಲ."

"ಎತ್ತು ಇದಾವಾ?"

"ಮಾರಿದ್ವಿ."

"ನಿಮ್ಮ ಬೀದೀಲಿ ಎಷ್ಟು ಮನೆಗೆ ಬೀಗ ಹಾಕಿದೆ?"

ನಾನು ಮನಸ್ಸಿನಲ್ಲೇ ಬೀದಿ ಸುತ್ತಿ ಬಂದೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು, ಮಲೆನಾಡಿನ ಕಾಫಿ ತೋಟಕ್ಕೆ ಹೋದವರು. ಆರು ಮನೆ ಅಂದೆ. ಮೇಡಂ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ‘ಬರ’ ಅಂತ ಬರೆದು, "ಇದು ಆಗಿದ್ದಲ್ವಾ?" ಅಂದರು. 2001, 2002, 2003. ಮೂರು ವರ್ಷ ಒಂದರ ಹಿಂದೆ ಒಂದು ರಾಜ್ಯದಲ್ಲಿ ಬರ ಬಿದ್ದಿತ್ತು. ಆ ಬರದಲ್ಲೇ ನಾವು ಹತ್ತನೇ ಕ್ಲಾಸು, ಪಿಯುಸಿ ಮುಗಿಸಿ ಬಂದಿದ್ದೆವು. ಇಪ್ಪತ್ತು ಚೀಟಿಯಲ್ಲಿ ಒಬ್ಬರಾದರೂ ಆ ಎರಡಕ್ಷರ ಬರೆದಿರಲಿಲ್ಲ.

ಅವತ್ತು ಅವರು ಹೇಳಿದ ಒಂದು ಮಾತು ಇಡೀ ವರ್ಷದ ಪಾಠಕ್ಕೆ ಬುನಾದಿಯಾಯಿತು. ಭೂಮಿ ನಡುಗುವುದು, ಸಮುದ್ರ ಏಳುವುದು, ಮಳೆ ಕೈಕೊಡುವುದು ಪ್ರಕೃತಿಯ ಕೆಲಸ. ಯಾರೂ ಇಲ್ಲದ ಕಡೆ ಆದರೆ ಅದು ಸುಮ್ನೆ ಒಂದು ಘಟನೆ. ಜನ ಇರುವ ಕಡೆ, ಅವರು ತಾಳಿಕೊಳ್ಳಲಾರದ ಹಾಗೆ ಬಂದರೆ ಮಾತ್ರ ಅದು ವಿಕೋಪ. ಅಂದಮೇಲೆ ವಿಕೋಪವನ್ನು ಅರ್ಥ ಮಾಡಿಕೊಳ್ಳೋಕೆ ಭೂಮಿಯನ್ನಷ್ಟೇ ನೋಡಿದರೆ ಸಾಲದು, ಜನ ಹೇಗೆ ಬದುಕುತ್ತಿದ್ದಾರೆ ಅಂತಲೂ ನೋಡಬೇಕು.

ಎರಡನೇ ಶನಿವಾರ ಎಲ್ಲರೂ ಒಂದೊಂದು ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ತರಬೇಕಿತ್ತು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೇಳಿ ತಂದೆವು. ಭುಜ ಮುಗಿದು ಮೈ ನೇರವಾಗುವ ಜಾಗದಲ್ಲಿ ಬಾಟಲಿಯನ್ನು ಕತ್ತರಿಸಬೇಕು. ಮೇಲಿನ ತುಂಡನ್ನು ಬೋರಲು ಹಾಕಿ ಒಳಗಿಟ್ಟರೆ ಅದೇ ಆಲಿಕೆ. ತಳ ಉಬ್ಬುತಗ್ಗು ಇರುತ್ತದಲ್ಲ, ಅದಕ್ಕೆ ಸಣ್ಣ ಕಲ್ಲು ತುಂಬಿ, ಕಲ್ಲು ಮುಳುಗುವವರೆಗೆ ನೀರು ಹೊಯ್ದು, ಆ ಮಟ್ಟಕ್ಕೆ ಒಂದು ಗೆರೆ ಎಳೆಯಬೇಕು. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಕಾಗದದ ಸ್ಕೇಲು ಇಟ್ಟು ಅದರ ಮೇಲೆ ಟೇಪು ಅಂಟಿಸಬೇಕು. ಅಷ್ಟೇ. ಮಳೆ ಮಾಪಕ ಸಿದ್ಧ. ಮರ, ಗೋಡೆ ಹತ್ತಿರ ಇರಬಾರದು. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ಯಾಕೆಂದರೆ ಹವಾಮಾನ ಇಲಾಖೆಯವರೂ ದೇಶದಾದ್ಯಂತ ಅದೇ ಹೊತ್ತಿಗೆ ನೋಡುತ್ತಾರೆ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಅದನ್ನು ಮಳೆಯ ದಿನ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನಾನು ಎರಡು ಮಾಡಿದೆ. ಒಂದು ಹಾಸ್ಟೆಲಿನ ತಾರಸಿಗೆ, ಇನ್ನೊಂದು ಊರಿಗೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅಂಕಿ ಬರೆಯೋಕೆ ಬರುತ್ತಿತ್ತು. ಹೊಲದ ಬದುವಿನ ಹತ್ತಿರ ಮೂರು ಕಲ್ಲು ಹೂಳಿ ನಡುವೆ ಬಾಟಲಿ ನಿಲ್ಲಿಸಿದರು. ಗೆರೆ ಹಾಕಿದ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಮೂರು ಕಾಲಂ ಇತ್ತು: ತಾರೀಖು, ಮಿಲಿಮೀಟರ್, ಮಳೆಯ ಹೆಸರು. ಮೂರನೆಯದು ಅಪ್ಪನೇ ಸೇರಿಸಿದ್ದು. ಅವರಿಗೆ ಆಗಸ್ಟ್, ಸೆಪ್ಟೆಂಬರ್ ಅಂದರೆ ಏನೂ ಅನ್ನಿಸದು. ಮಘೆ, ಹುಬ್ಬೆ, ಉತ್ತರೆ, ಚಿತ್ತೆ ಅಂದರೆ ಹೊಲ ಕಣ್ಣ ಮುಂದೆ ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನೋ ಜನ ನಾವು.

ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ನೋಟ್‌ಬುಕ್ ತೆಗೆದು ನೋಡಿದೆ. ಖಾಲಿ. "ಮಳೆ ಬಂದ್ರೆ ತಾನೇ ಬರ್ಯೋದು? ಸೊನ್ನೆ ಬರ್ಯಾಕೆ ಪುಸ್ತಕ ಬೇರೆ ಬೇಕೇನವ್ವಾ?" ಅಂದರು ಅಪ್ಪ. ನನಗೂ ಅವರ ಮಾತು ಸರಿ ಅನ್ನಿಸಿತು. ಶನಿವಾರ ಮೇಡಂ ಹತ್ತಿರ ಅದನ್ನೇ ಹೇಳಿದೆ.

ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸೊನ್ನೆಯನ್ನೂ ಬರೀರಿ. ನೋಡದೆ ಬಿಟ್ಟ ದಿನ ಬೇರೆ, ನೋಡಿದಾಗ ಮಳೆ ಇಲ್ಲದ ದಿನ ಬೇರೆ. ಖಾಲಿ ಬಿಟ್ಟರೆ ಎರಡೂ ಒಂದೇ ಆಗಿಬಿಡುತ್ತೆ. ಪ್ರವಾಹ ಬಂದರೆ ಯಾರಾದರೂ ಫೋಟೋ ತೆಗೀತಾರೆ. ಮಳೆ ಬರದಿದ್ದದ್ದನ್ನ ಫೋಟೋ ತೆಗೆಯೋಕೆ ಆಗುತ್ತಾ? ಅದಕ್ಕೆ ಇರೋ ಸಾಕ್ಷಿ ಈ ಸೊನ್ನೆ ಒಂದೇ" ಅಂದರು.

ಮುಂದಿನ ವಾರ ಅಪ್ಪನಿಗೆ ಇದನ್ನು ಹೇಳಿದೆ. ಜೊತೆಗೆ ಮೇಡಂ ಹೇಳಿಕೊಟ್ಟ ಇನ್ನೊಂದು ಲೆಕ್ಕವನ್ನೂ ಹೇಳಿದೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹತ್ತು ಮಿಲಿಮೀಟರ್ ಬಿದ್ದರೆ ಒಂದು ಎಕರೆಗೆ 40 ಸಾವಿರ ಲೀಟರಿಗೂ ಜಾಸ್ತಿ. ಊರಿಗೆ ಬರುತ್ತಿದ್ದ ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್. ಅಪ್ಪ ಬೆರಳು ಮಡಿಚಿ ಎಣಿಸಿದರು. ಎದ್ದು ಹೋಗಿ ಬಾಟಲಿಯನ್ನು ಮತ್ತೆ ನೋಡಿ ಬಂದರು. ಅವತ್ತಿನಿಂದ ಒಂದು ದಿನವೂ ಬಿಡಲಿಲ್ಲ. ಶೇಂಗಾ ಹೂವು ಬಿಟ್ಟು ಕಾಯಿ ಕಟ್ಟೋ ಹೊತ್ತು ಅದು. ಪುಟದ ತುಂಬ ಒಂದರ ಕೆಳಗೆ ಒಂದು ಸೊನ್ನೆ. ಅಪ್ಪನ ಸೊನ್ನೆಗಳು ದೊಡ್ಡವು, ಗಟ್ಟಿಯಾಗಿ ಒತ್ತಿ ಬರೆದವು. ಹಿಂದಿನ ಹಾಳೆಯಲ್ಲೂ ಅಚ್ಚು ಮೂಡುತ್ತಿತ್ತು.

ನಮ್ಮ ಕಡೆ ಯಾಕೆ ಹೀಗೆ ಅನ್ನೋದನ್ನು ಮೇಡಂ ಒಂದೇ ನಕ್ಷೆಯಲ್ಲಿ ತೋರಿಸಿದರು. ಪಶ್ಚಿಮದಿಂದ ಬರುವ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ. ಅಲ್ಲಿಂದ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರಿನ ಒಳಗೇ ಚಳ್ಳಕೆರೆ. ಇಲ್ಲಿ ಐನೂರು ಮುಟ್ಟುವುದೂ ಕಷ್ಟ. ವಾಡಿಕೆ ಮಳೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾದರೆ ಬರ, ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದರೆ ತೀವ್ರ ಬರ. ಮಳೆಯ ಬರ ಮೊದಲು, ಅದರ ಹಿಂದೆ ಬೆಳೆಯ ಬರ, ಅದರ ಹಿಂದೆ ಕೆರೆ ಬಾವಿ ಬೋರ್‌ವೆಲ್‌ಗಳ ಬರ. ಮಳೆ ಬಂದ ಮೇಲೂ ಕೊನೆಯದು ಬೇಗ ಹೋಗುವುದಿಲ್ಲ.

ಒಂದು ಶನಿವಾರ ಪಾಠ ನಡೆದದ್ದು ಕೋಟೆಯಲ್ಲಿ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಕೋಟೆಗೆ ಬರುವವರು ಓಬವ್ವನ ಕಿಂಡಿ ನೋಡಿ ಇಳಿದುಬಿಡುತ್ತಾರೆ. ದಯವಿಟ್ಟು ಹೊಂಡಗಳನ್ನೂ ನೋಡಿ. ಕಡಿಮೆ ಮಳೆಯ ನಾಡಿನಲ್ಲಿ ಬೆಟ್ಟದ ಮೇಲೆ ಊರು ಕಟ್ಟಿದವರು ಒಂದು ಹನಿಯನ್ನೂ ಹೇಗೆ ಲೆಕ್ಕ ಹಾಕಿದ್ದರು ಅಂತ ಅಲ್ಲಿ ಕಾಣಿಸುತ್ತದೆ.

ಸಿಡಿಲಿನ ಪಾಠ ನಡೆದ ದಿನ ನಿಜಕ್ಕೂ ಗುಡುಗುತ್ತಿತ್ತು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಹೊಲದಲ್ಲಿರುವವರು, ಕುರಿ ಕಾಯುವವರು, ಮಳೆ ಅಂತ ಮರದ ಕೆಳಗೆ ನಿಂತವರು. ನನ್ನ ಚಿಕ್ಕಪ್ಪ ಕುರಿ ಕಾಯುತ್ತಿದ್ದರು, ಹಾಗಾಗಿ ಅವತ್ತು ಕಿವಿಯೆಲ್ಲ ಅಲ್ಲೇ ಇತ್ತು. ಮಿಂಚು ತಕ್ಷಣ ಕಾಣುತ್ತದೆ, ಗುಡುಗಿನ ಸದ್ದು ಒಂದು ಕಿಲೋಮೀಟರ್ ದಾಟೋಕೆ ಸುಮಾರು ಮೂರು ಸೆಕೆಂಡ್ ಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ, ಪಕ್ಕಾ ಮನೆಯೊಳಗೆ ಸೇರಿಕೊಳ್ಳಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಹೊರಗೆ ಬರಬಾರದು.

ನಾನು ಕೈ ಎತ್ತಿದೆ. "ಚಿಕ್ಕಪ್ಪನ ಹತ್ತಿರ ವಾಚ್ ಇಲ್ಲ ಮೇಡಂ. ಗುಡುಗಿದ್ರೆ ಅರ್ಜುನ ಫಲ್ಗುಣ ಅಂತಾರೆ ಅಷ್ಟೇ."

ಮೇಡಂ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಪೂರ್ತಿ ಹೇಳು" ಅಂದರು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಅಜ್ಜಿ ಕಲಿಸಿದ ಹಾಗೆ ಹೇಳಿದೆ. ಅವರು ಕೈಗಡಿಯಾರ ನೋಡುತ್ತಿದ್ದರು. ನಿಧಾನವಾಗಿ ಹೇಳಿದರೆ ಹತ್ತು ಹೆಸರಿಗೆ ಹತ್ತು ಸೆಕೆಂಡ್. "ಮಿಂಚು ಕಂಡ ಕೂಡಲೇ ಶುರು ಮಾಡಲಿ. ಮೂರು ಸಲ ಪೂರ್ತಿ ಹೇಳಿ ಮುಗಿಸೋದರೊಳಗೆ ಗುಡುಗಿದರೆ ಕುರಿ ಬಿಟ್ಟು ಮನೆ ಸೇರಲಿ. ಮರದ ಕೆಳಗಂತೂ ಬೇಡ. ಬಯಲಲ್ಲಿ ಸಿಕ್ಕಿಕೊಂಡರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಲಿ, ನೆಲಕ್ಕೆ ಮಲಗೋದು ಬೇಡ" ಅಂದರು. ಚಿಕ್ಕಪ್ಪನಿಗೆ ಇದನ್ನು ಹೇಳೋಕೆ ಐದು ನಿಮಿಷವೂ ಬೇಕಾಗಲಿಲ್ಲ. ಹೆಸರುಗಳು ಅವರಿಗೆ ಮೊದಲೇ ಗೊತ್ತಿದ್ದವು. ಈಗ ನಾನು ಹೋದ ಹಳ್ಳಿಗಳಲ್ಲೂ ಕುರಿ ಕಾಯುವವರಿಗೆ ಹೀಗೇ ಹೇಳುತ್ತೇನೆ.

ಭೂಕಂಪದ ಪಾಠಕ್ಕೆ ಮೇಡಂ ಗುಜರಾತನ್ನು ಬಿಟ್ಟು ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ಆರಿಸಿಕೊಂಡಿದ್ದರು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಹೊತ್ತು. ಹಿಂದಿನ ದಿನ ಗಣೇಶನನ್ನು ಬಿಟ್ಟು ಬಂದು ದಣಿದು ಮಲಗಿದ್ದ ಜನ. ತೀವ್ರತೆ 6.2. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಒಂದನೇ ವಲಯ, ಅಂದರೆ ದೇಶದಲ್ಲೇ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. ಅಲ್ಲಿನವರೂ ನನ್ನ ಹಾಗೆ ‘ನಮ್ಮೂರಲ್ಲಿ ಅಂಥದ್ದೇನೂ ಆಗುವುದಿಲ್ಲ’ ಅಂತಲೇ ಅಂದುಕೊಂಡಿದ್ದರು. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ಚಿತ್ರದುರ್ಗ, ದಾವಣಗೆರೆ ಎರಡನೇ ವಲಯ.

ಆಮೇಲೆ ಮೇಡಂ ಕಿಲ್ಲಾರಿಯ ಮನೆಯೊಂದನ್ನು ಹಲಗೆಯ ಮೇಲೆ ಬಿಡಿಸಿದರು. ದಪ್ಪ ಕಲ್ಲಿನ ಗೋಡೆ, ಕಲ್ಲಿಗೂ ಕಲ್ಲಿಗೂ ನಡುವೆ ಬರೀ ಮಣ್ಣು. ಮೇಲೆ ತೊಲೆ, ಜಂತೆ, ಹಲಗೆ, ಅದರ ಮೇಲೆ ಒಂದಡಿಗೂ ಮೀರಿ ಮಣ್ಣು. ಬಿಡಿಸುತ್ತಾ ಹೋದ ಹಾಗೆ ಕ್ಲಾಸಿನಲ್ಲಿ ಗುಸುಗುಸು ಶುರುವಾಯಿತು. ಅದು ನಮ್ಮ ಮಾಳಿಗೆ ಮನೆ. ನಮ್ಮ ಅಜ್ಜಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ತರಿಸಿ ಮಾಳಿಗೆಗೆ ಹಾಕಿಸುತ್ತಿದ್ದರು. ಹಳೆಯದನ್ನು ತೆಗೆಯುತ್ತಿರಲಿಲ್ಲ. ವರ್ಷ ವರ್ಷ ಭಾರ ಏರುತ್ತಲೇ ಇತ್ತು. ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದಿಡುವಂಥ ಉದ್ದ ಕಲ್ಲು ಅಲ್ಲಲ್ಲಿ ಇಡಬೇಕು, ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಒಂದು ಪಟ್ಟಿ ಹಾಕಬೇಕು, ಮೇಲಿನ ಭಾರ ಇಳಿಸಬೇಕು. ಇಷ್ಟು ಮಾಡಿದರೂ ಎಷ್ಟೋ ಜೀವ ಉಳಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಅಪ್ಪ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆಸಿದರು. ಎಷ್ಟೋ ವರ್ಷದ ಮಣ್ಣು. ಅಂಗಳದಲ್ಲಿ ಬಿದ್ದ ಗುಡ್ಡೆ ನೋಡಿ, ಇಷ್ಟರ ಕೆಳಗೆ ಮಲಗಿದ್ವಾ ಅಂತ ಅಜ್ಜಿ ಬಹಳ ಹೊತ್ತು ಅಲ್ಲೇ ಕೂತಿದ್ದರು.

ಡಿಸೆಂಬರ್ 26, ಭಾನುವಾರ. ಹಾಸ್ಟೆಲಿನ ಟಿವಿಯ ಮುಂದೆ ನಾವೆಲ್ಲ ನಿಂತೇ ಇದ್ದೆವು. ಸುನಾಮಿ ಅನ್ನೋ ಪದವನ್ನು ಸುದ್ದಿ ಓದುವವರೂ ತಡವರಿಸುತ್ತಾ ಹೇಳುತ್ತಿದ್ದರು. ನಮ್ಮಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಮೇಡಂ ಶನಿವಾರದವರೆಗೆ ಕಾಯಲಿಲ್ಲ. ಸೋಮವಾರವೇ ಸೇರಿಸಿದರು. ಹದಿನಾಲ್ಕು ಜನಕ್ಕೆ ಇಳಿದಿದ್ದ ಕ್ಲಾಸಿಗೆ ಅವತ್ತು ಕಾಮರ್ಸಿನವರೂ ಬಂದು ಬಾಗಿಲಲ್ಲಿ ನಿಂತಿದ್ದರು.

ಸ್ಟೀಲಿನ ಒಂದು ಪರಾತದಲ್ಲಿ ನೀರು ತುಂಬಿ ಮೇಜಿನ ಮೇಲೆ ಇಟ್ಟಿದ್ದರು. ಮೊದಲು ಬಾಯಿಂದ ಊದಿದರು. ಮೇಲೆ ಸಣ್ಣ ಅಲೆ. "ಇದು ಗಾಳಿಯ ಅಲೆ, ಮೇಲಷ್ಟೇ." ಆಮೇಲೆ ಪರಾತದ ಒಂದು ಬದಿಯನ್ನು ಕೆಳಗಿನಿಂದ ಥಟ್ಟನೆ ಎತ್ತಿ ಬಿಟ್ಟರು. ನೀರೆಲ್ಲ ಒಟ್ಟಿಗೆ ಎದ್ದು ಆಚೆ ಅಂಚು ದಾಟಿ ಮೇಜಿನ ಮೇಲೆ ಚೆಲ್ಲಿ ನೋಟ್‌ಬುಕ್‌ಗಳನ್ನು ತೋಯಿಸಿತು. "ಇದು ನಿನ್ನೆಯದು." ಸುಮಾತ್ರದ ಹತ್ತಿರ ಸಾವಿರದ ಇನ್ನೂರು ಕಿಲೋಮೀಟರಿಗೂ ಉದ್ದಕ್ಕೆ ಸಮುದ್ರದ ತಳವೇ ಸೀಳಿ ಮೇಲೆದ್ದಿತ್ತು. ತೀವ್ರತೆ ಮೊದಲು 8.9 ಅಂದರು, ಆಮೇಲೆ 9.1 ಅಂತ ತಿದ್ದಿದರು. ಅಳತೆಯಲ್ಲಿ ಒಂದು ಅಂಕಿ ಮೇಲೆ ಹೋದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಕಿಲ್ಲಾರಿಗೆ ಹೋಲಿಸಿದರೆ ಇದು ಇಪ್ಪತ್ತು ಸಾವಿರ ಪಟ್ಟಿಗೂ ಜಾಸ್ತಿ.

ಅವತ್ತು ಹುಣ್ಣಿಮೆ. ಚಂದ್ರ ಎಳೆದಿದ್ದಕ್ಕೆ ಹೀಗಾಯಿತಂತೆ ಹೌದಾ ಅಂತ ಬಾಗಿಲಲ್ಲಿ ನಿಂತಿದ್ದ ಹುಡುಗ ಕೇಳಿದ. ಹುಣ್ಣಿಮೆಗೆ ಉಬ್ಬರ ಬರುತ್ತದೆ, ನಿಜ, ಆದರೆ ಅದು ಪ್ರತಿ ತಿಂಗಳೂ ಬರುತ್ತದೆ ಅಂತ ಮೇಡಂ ಸಮಾಧಾನವಾಗಿ ಬಿಡಿಸಿ ಹೇಳಿದರು. ಯಾವ ಪ್ರಶ್ನೆಗೂ ಅವರು ಮುಖ ಸಿಂಡರಿಸಿದ್ದು ನಾನು ಕಂಡಿಲ್ಲ.

ನನ್ನನ್ನು ಕಲಕಿದ್ದು ಒಂದು ಲೆಕ್ಕ. ನಾಲ್ಕು ಸಾವಿರ ಮೀಟರ್ ಆಳದ ಸಮುದ್ರದಲ್ಲಿ ಸುನಾಮಿಯ ವೇಗ ಗಂಟೆಗೆ 700 ಕಿಲೋಮೀಟರಿಗೂ ಜಾಸ್ತಿ. ಆಳಕ್ಕೆ 9.8 ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಆರ್ಟ್ಸಿನವರು ನಾವೇ ಹಲಗೆಯ ಮೇಲೆ ಮಾಡಿದೆವು. ಅಷ್ಟು ವೇಗ ಇದ್ದರೂ ಅದು ನಾಗಪಟ್ಟಣದ ದಡಕ್ಕೆ ಬರೋಕೆ ಎರಡು ಗಂಟೆಗೂ ಹೆಚ್ಚು ಬೇಕಾಯಿತು. ಬೆಳಿಗ್ಗೆ ಆರೂವರೆಗೆ ಭೂಮಿ ನಡುಗಿತು, ಒಂಬತ್ತರ ಹೊತ್ತಿಗೆ ಅಲೆ ಬಂತು. ಮಧ್ಯದ ಆ ಹೊತ್ತಿನಲ್ಲಿ ದಡದ ಜನಕ್ಕೆ ಯಾರೂ ಹೇಳಲಿಲ್ಲ, ಯಾಕೆಂದರೆ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ಅಂಥ ಕೇಂದ್ರ ಶುರುವಾಗಿದ್ದು 2007ರಲ್ಲಿ. ಹದಿನಾಲ್ಕು ದೇಶಗಳಲ್ಲಿ ಸುಮಾರು 2,27,000 ಜನ ಹೋದರು.

ಹೊಸ ವರ್ಷದ ಮೇಲೆ ಮೇಡಂ ಪೇಪರಿನಿಂದ ಒಂದು ಸುದ್ದಿ ಓದಿದರು. ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಅಪ್ಪ ಅಮ್ಮನ ಜೊತೆ ಹೋಗಿದ್ದ ಇಂಗ್ಲೆಂಡಿನ ಹುಡುಗಿ, ಹತ್ತು ವರ್ಷದ ಟಿಲ್ಲಿ ಸ್ಮಿತ್. ಎರಡು ವಾರದ ಹಿಂದಷ್ಟೇ ಅವಳ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಸುನಾಮಿಯ ಪಾಠ ಮಾಡಿದ್ದರು. ಸಮುದ್ರದ ನೀರು ನೊರೆ ನೊರೆಯಾಗಿ ವಿಚಿತ್ರವಾಗಿ ವರ್ತಿಸುವುದನ್ನು ನೋಡಿ ಅವಳು ಗುರುತು ಹಿಡಿದಳು, ಹಟ ಮಾಡಿ ದಡ ಖಾಲಿ ಮಾಡಿಸಿದಳು. ಆ ದಡದಲ್ಲಿದ್ದವರೆಲ್ಲ ಉಳಿದರು. ಓದಿ ಮುಗಿಸಿದ ಮೇಡಂ ಕಣ್ಣು ಒರೆಸಿಕೊಂಡರು. ಒಂದು ಪೀರಿಯಡ್ ಪಾಠ ಅಷ್ಟು ಜನರನ್ನು ಉಳಿಸಿತು ಅನ್ನೋದನ್ನು ಪಾಠ ಮಾಡುವವರೊಬ್ಬರು ಓದುತ್ತಿದ್ದರು.

ಅವತ್ತೇ ಅವರು ಸುನಾಮಿಯ ಅಂಕಿಯ ಪಕ್ಕದಲ್ಲಿ ಇನ್ನೆರಡು ಅಂಕಿ ಬರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು 1876ರಿಂದ 78ರ ಧಾತು ಈಶ್ವರ ಬರ. ಎರಡು ಸಂವತ್ಸರಗಳ ಹೆಸರೇ ಆ ಬರದ ಹೆಸರಾಗಿಬಿಟ್ಟಿದೆ. ಹೆಚ್ಚಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿತ್ತು. ಒಂದೇ ಸಂಸ್ಥಾನದಲ್ಲಿ. ಅಲೆ ಇಲ್ಲ, ಸದ್ದಿಲ್ಲ, ಒಂದು ದಿನ ಅಂತ ಹೇಳೋಕೆ ತಾರೀಖೂ ಇಲ್ಲ. ಕ್ಲಾಸು ಬಿಟ್ಟ ಮೇಲೂ ನಾವು ಯಾರೂ ಎದ್ದು ಹೋಗಲಿಲ್ಲ. ನನಗೆ ಅಪ್ಪನ ಸೊನ್ನೆಗಳು ನೆನಪಾದವು.

ಜನವರಿ ಕೊನೆಗೆ ಮರಡಿಹಳ್ಳಿಗೆ ಹೋದೆವು. ಹಿರಿಯೂರಿನ ರಸ್ತೆಯಲ್ಲಿ ಐಮಂಗಲದ ಹತ್ತಿರ. ನೋಟಿಸ್ ಬೋರ್ಡಿನ ಜ್ವಾಲಾಮುಖಿ ಚಿತ್ರಕ್ಕೆ ಉತ್ತರ ಅಲ್ಲಿತ್ತು. ಕುರಿ ಮೇಯುವ ಸಣ್ಣ ಗುಡ್ಡದ ಮೇಲೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಬಂಡೆಗಳು. ದುಂಡಗೆ, ಉಬ್ಬಿ, ಕೆಳಗಿನದರ ಮೇಲೆ ಮೇಲಿನದು ಕೂತು ಬಾಗಿದ ಹಾಗೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ನೀರು ತಾಗಿದ ಕೂಡಲೇ ಮೇಲ್ಮೈ ಗಟ್ಟಿಯಾಗಿ ಹೀಗೆ ದಿಂಬಾಗುತ್ತದೆ. ಸುಮಾರು 250 ಕೋಟಿ ವರ್ಷ ಹಿಂದಿನದು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದೆ. ಕೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಸಮುದ್ರ ನೋಡದ ನಾವೆಲ್ಲ ಹಳೆಯ ಸಮುದ್ರದ ತಳದಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು.

ಮುಂದಿನ ವರ್ಷ ಮೇಡಂ ಬರಲಿಲ್ಲ. ಅತಿಥಿ ಉಪನ್ಯಾಸಕರ ಕೆಲಸ ಅಂದರೆ ಹಾಗೇ. ಬೀಳ್ಕೊಡುಗೆಯನ್ನೂ ಮಾಡೋಕೆ ಆಗಲಿಲ್ಲ ಅನ್ನೋ ಕೊರಗು ನನಗೆ ಇನ್ನೂ ಇದೆ. 2005ರ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದಾಗ ಅವರಿಗೆ ಹೇಳಬೇಕು ಅನ್ನಿಸಿತ್ತು. ನಾನು ಈ ಕೆಲಸಕ್ಕೆ ಸೇರಿದಾಗ, ದೇಶದಲ್ಲೇ ಮೊದಲ ಬಾರಿಗೆ ಬರದ ಮೇಲೆ ಕಣ್ಣಿಡೋಕೆ ಒಂದು ಘಟಕ ಶುರುವಾಗಿದ್ದು 1988ರಲ್ಲಿ ನಮ್ಮ ರಾಜ್ಯದಲ್ಲೇ ಅಂತ ತಿಳಿದಾಗಲೂ ಅನ್ನಿಸಿತು. ಈಗ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕ ಇದೆ. ಹದಿನೈದು ನಿಮಿಷಕ್ಕೊಮ್ಮೆ ತಾನೇ ಲೆಕ್ಕ ಕಳಿಸುತ್ತದೆ. ಮಳೆ ಇಲ್ಲದಿದ್ದರೆ ಸೊನ್ನೆಯನ್ನೂ ಕಳಿಸುತ್ತದೆ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ತುಂಬಿದ್ದು ಬಿಟ್ಟರೆ 89 ವರ್ಷ ತುಂಬಿರಲಿಲ್ಲ. ಅಪ್ಪನನ್ನು ಕರೆದುಕೊಂಡು ಹೋದೆ. ಕೋಡಿಯ ನೀರು ನೋಡುತ್ತಾ ಅಪ್ಪ ಮಾತೇ ಆಡಲಿಲ್ಲ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅದೇ ಮಳೆಗಾಲದಲ್ಲಿ ನಾನು ಬಿದ್ದ ಮನೆಗಳ ಪಂಚನಾಮೆ ಬರೆಯುತ್ತಾ ಹಳ್ಳಿ ಹಳ್ಳಿ ತಿರುಗಿದೆ. ಒಂದು ಮಾಳಿಗೆ ಮನೆಯ ಮಣ್ಣು ನೆನೆದು ಭಾರವಾಗಿ ಗೋಡೆ ಹೊರಕ್ಕೆ ಬಾಗಿ ಬಿದ್ದಿತ್ತು. ಒಳಮೈ ಒಂದು ಕಡೆ, ಹೊರಮೈ ಒಂದು ಕಡೆ, ನಡುವೆ ಹಿಡಿದಿಡುವ ಒಂದು ಕಲ್ಲೂ ಇಲ್ಲ. ಹಲಗೆಯ ಮೇಲೆ ಮೇಡಂ ಬಿಡಿಸಿದ ಚಿತ್ರ ಹಾಗೇ ನೆಲದ ಮೇಲೆ ಬಿದ್ದ ಹಾಗಿತ್ತು. ಪುಣ್ಯಕ್ಕೆ ಮನೆಯವರು ಸದ್ದು ಕೇಳಿ ಹೊರಗೆ ಬಂದಿದ್ದರು. ಬರೆದುಕೊಂಡ ಮೇಲೆ ಆ ಮನೆಯ ಅಜ್ಜನ ಜೊತೆ ಕೂತು, ಮತ್ತೆ ಕಟ್ಟುವಾಗ ಗೋಡೆಗೆ ಉದ್ದ ಕಲ್ಲು ಎಲ್ಲೆಲ್ಲಿ ಇಡಬೇಕು ಅಂತ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆ. ಅದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ. ಆದರೆ ಗೊತ್ತಿದ್ದೂ ಹೇಳದೆ ಎದ್ದು ಬರೋಕೆ ಆಗಲಿಲ್ಲ.

ಮೇಡಂ, ಈ ಸಂಚಿಕೆ ನಿಮ್ಮ ಕೈ ಸೇರಿದರೆ ಒಂದು ವಿಷಯ ತಿಳಿಸಬೇಕು. ಬಾಟಲಿ ಎಷ್ಟೋ ಸಲ ಬಿಸಿಲಿಗೆ ಬಿರುಕು ಬಿಟ್ಟಿದೆ, ಬದಲಾಯಿಸಿದ್ದೇವೆ. ಮೂರು ಕಲ್ಲು ಅವೇ. ನೋಟ್‌ಬುಕ್‌ಗಳನ್ನು ಅಪ್ಪ ಒಂದು ಗೋಣಿ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಈಗ ಕಣ್ಣು ಮಂಜು, ಬರೆಯೋಕೆ ಆಗುವುದಿಲ್ಲ. ಮೊಮ್ಮಗನ ಕೈಯಲ್ಲಿ ಓದಿಸಿ ನನಗೆ ಫೋನ್ ಮಾಡುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ಎಂಟೂವರೆಗೂ ಫೋನ್ ಬಂತು.

"ಉತ್ತರೆ ಮಳೆ. ಸೊನ್ನೆ ಐತೆ ಅವ್ವಾ, ಬರ್ಕೋ."

ಬರೆದುಕೊಂಡೆ.